ಪಿಕಪ್‌ಗೆ ವಿಂಟರ್ ಟೈರ್ ಬೇರೆ ತಗೊಳ್ಳೋದಾ, ಇಲ್ಲಾ ಇರೋ ಆಲ್ ಟೆರೇನಲ್ಲೇ ಈ ಚಳಿಗಾಲ ತಳ್ಳೋದಾ?

ಕ್ಯಾಲ್ಗರಿ_ಗೌಡ:
ನಮಸ್ಕಾರ ಎಲ್ರಿಗೂ. ಕ್ಯಾಲ್ಗರಿಗೆ ಬಂದು ಎರಡನೇ ವರ್ಷ. ಹೋದ ಚಳಿಗಾಲ ಒಂದು ಹಳೇ ಕೊರೊಲಾದಲ್ಲಿ ಕಳೆದೆ, ಮಾರಿದವರೇ ವಿಂಟರ್ ಟೈರ್ ಸೆಟ್ಟೂ ಜೊತೇಲಿ ಕೊಟ್ಟಿದ್ರು, ಹಾಗಾಗಿ ತಲೆ ಕೆಡಿಸ್ಕೊಳ್ಳೋ ಪ್ರಮೇಯನೇ ಬರ್ಲಿಲ್ಲ. ಈ ಜುಲೈಲಿ 2018ರ ಫೋರ್ಡ್ ಎಫ್-150 ಪಿಕಪ್ ತಗೊಂಡೆ, ನಾಲ್ಕು ಬಾಗಿಲು, ಫೋರ್ ಬೈ ಫೋರ್. ಊರಿಗೆ ಫೋಟೋ ಕಳ್ಸಿದ್ರೆ ನಮ್ಮಪ್ಪ "ಎಷ್ಟು ಟನ್ ಕಬ್ಬು ಹಿಡಿಯುತ್ತೆ" ಅಂತ ಕೇಳಿದ್ರು.

ವಿಷಯ ಏನಪ್ಪಾ ಅಂದ್ರೆ ಹೋದ ವಾರ ಮೊದಲನೇ ಸ್ನೋ ಬಿತ್ತಲ್ಲ, ಅವತ್ತು ಮಗಳನ್ನ ಸ್ಕೂಲಿಂದ ಕರ್ಕೊಂಡು ಬರ್ತಾ ಇಳಿಜಾರಲ್ಲಿ ಸಿಗ್ನಲ್ ಕೆಂಪಾಯ್ತು, ಸ್ಪೀಡು ಮೂವತ್ತೈದೂ ಇರ್ಲಿಲ್ಲ, ಬ್ರೇಕ್ ಒತ್ತಿದೆ, ಪೆಡಲ್ಲು ಕಾಲಡಿ ಗರಗರ ಅಂತು, ಗಾಡಿ ಮಾತ್ರ ತನ್ನ ಪಾಡಿಗೆ ತಾನು ಹೋಗ್ತಾನೇ ಇದೆ. ಹಿಂದಿಂದ ಮಗಳು "ಅಪ್ಪಾ, ರೆಡ್ಡಲ್ವಾ" ಅಂತಾಳೆ. ಅರ್ಧ ಗಾಡಿ ಜಂಕ್ಷನ್ ಒಳಗೆ ಹೋಗಿ ನಿಂತ್ಕೊಳ್ತು. ಅಡ್ಡ ಯಾರೂ ಬರ್ಲಿಲ್ಲ, ಚಾಮುಂಡಿ ಕಾಪಾಡಿದ್ಲು.

ಈಗಿರೋದು 275/55 ಆರ್20 ಸೈಜಿನ ಆಲ್ ಟೆರೇನ್, ಅಂದ್ರೆ ಕೆಸರು ಜಲ್ಲಿ ಎಲ್ಲಾ ಥರದ ನೆಲಕ್ಕೂ ಆಗೋ ಟೈರ್, ಅರ್ಧಕ್ಕಿಂತ ಜಾಸ್ತಿ ಬಟನ್ ಇನ್ನೂ ಇದೆ, ಪಕ್ಕದಲ್ಲಿ ಬೆಟ್ಟದೊಳಗೆ ಸ್ನೋಫ್ಲೇಕ್ ಬರ್ದಿರೋ ಗುರುತೂ ಇದೆ. ಮನೆಯವಳು "ಟೈರ್ ಇರೋವಾಗ ಮತ್ತೆ ನಾಲ್ಕು ಟೈರಾ, ಮೊನ್ನೆ ತಾನೇ ಮನೆ ಬೆಚ್ಚಗಿಡೋ ಫರ್ನೇಸ್ ರಿಪೇರಿ ಆಗಿದೆ" ಅಂತ ಕೂತಿದಾಳೆ. ಅವಳು ಹೇಳೋದ್ರಲ್ಲೂ ನ್ಯಾಯ ಇದೆ. ನಿಮ್ಮ ಅನುಭವ ಹೇಳಿ.

ಹಳೇಹುಲಿ:
ಗೌಡ್ರೇ, ನಾನು ಏರ್‌ಡ್ರಿಯಲ್ಲಿದೀನಿ, ನಿಮ್ಮಿಂದ ಅರ್ಧ ಗಂಟೆ. ಹನ್ನೊಂದು ಚಳಿಗಾಲ ಇಲ್ಲೇ ಕಳ್ದಿದೀನಿ, ರ‍್ಯಾಮ್ 1500, ಆಲ್ ಟೆರೇನ್ ಟೈರು, ಫೋರ್ ಬೈ ಫೋರ್ ಹಾಕು ಹೋಗ್ತಾ ಇರು ಅಷ್ಟೇ. ಒಂದ್ ಸಲನೂ ಹಳ್ಳಕ್ಕೆ ಬಿದ್ದಿಲ್ಲ. ಹೆಂಡ್ತಿ ಸಿವಿಕ್‌ಗೆ ಮಾತ್ರ ವಿಂಟರ್ ಹಾಕ್ಸಿದೀನಿ, ಅದು ಚಿಕ್ಕ ಗಾಡಿ, ಹಗುರ. ಟ್ರಕ್ಕಿಗೆ ಅದೆಲ್ಲಾ ಬೇಕಾಗಿಲ್ಲ. ಟೈರ್ ಅಂಗಡಿಯವರು ಅಕ್ಟೋಬರ್ ಬಂತು ಅಂದ್ರೆ ಹೆದರಿಸ್ತಾರೆ, ಅದು ಅವರ ಹಬ್ಬ. ಮೆಲ್ಲಗೆ ಓಡ್ಸಿ, ದುಡ್ಡು ಉಳ್ಸಿ.

ಮಾಂಟ್ರಿಯಲ್_ಮಲ್ಲಿಗೆ:
ಹಳೇಹುಲಿ ಅವ್ರೇ, ಫೋರ್ ಬೈ ಫೋರ್ ಇರೋದು ಹೊರಡೋಕೆ. ನಿಲ್ಲೋಕೆ ಏನಿದೆ? ಬ್ರೇಕು ಎಲ್ಲಾ ಗಾಡಿಗೂ ನಾಲ್ಕು ಚಕ್ರಕ್ಕೇ ಇರೋದು, ಸಿವಿಕ್ಕಿಗೂ ಅಷ್ಟೇ ನಿಮ್ಮ ರ‍್ಯಾಮಿಗೂ ಅಷ್ಟೇ. ಗೌಡ್ರಿಗೆ ಆಗಿದ್ದು ನಿಲ್ಲೋ ತೊಂದ್ರೆ, ಹೊರಡೋ ತೊಂದ್ರೆ ಅಲ್ಲ.

ನಮ್ಮ ಕ್ವಿಬೆಕ್‌ನಲ್ಲಿ ಈ ಚರ್ಚೆನೇ ಇಲ್ಲ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ, 2008ರಿಂದ ಕಾನೂನಿದೆ. ಮೊದ್ಲು ಡಿಸೆಂಬರ್ 15ಕ್ಕೆ ಶುರು ಆಗ್ತಿತ್ತು, 2019ರಿಂದ ಎರಡು ವಾರ ಹಿಂದಕ್ಕೆ ತಂದ್ರು. ಟೈರ್ ಮೇಲೆ ಬರೀ ಎಂ+ಎಸ್ (ಮಡ್ ಅಂಡ್ ಸ್ನೋ) ಅಂತ ಬರ್ದಿದ್ರೆ ನಡೆಯಲ್ಲ, ಆ ಬೆಟ್ಟದ ಗುರುತು ಇರ್ಬೇಕು ಇಲ್ಲಾ ಮೊಳೆ ಟೈರ್ ಆಗಿರ್ಬೇಕು. ದಂಡ 200 ಡಾಲರ್‌ನಿಂದ ಶುರು. ನಂದು ಟೊಯೋಟಾ ಟಕೋಮಾ, ಪಿಕಪ್ಪೇ. (ಹೌದು, ನಂದೇ, ಗಂಡಂದಲ್ಲ. ಪ್ರತಿ ಸಲ ಯಾರಾದ್ರೂ ಕೇಳ್ತಾರೆ ಅಂತ ಮೊದ್ಲೇ ಹೇಳ್ಬಿಟ್ಟೆ.)

ರಬ್ಬರ್_ರಂಗಣ್ಣ:
ಎಡ್ಮಂಟನ್‌ನಲ್ಲಿ ಟೈರ್ ಅಂಗಡಿಯಲ್ಲೇ ಕೆಲಸ ಮಾಡೋನು ನಾನು, ಹಳೇಹುಲಿ ಅವ್ರು ಹೇಳಿದ ಹಬ್ಬ ಈಗ ನಡೀತಾ ಇದೆ, ಬೆಳಿಗ್ಗೆ ಏಳಕ್ಕೆ ಹೋದ್ರೆ ರಾತ್ರಿ ಎಂಟು. ಆದ್ರೂ ಬರೀತೀನಿ ಯಾಕಂದ್ರೆ ಆ ಗುರುತಿನ ಬಗ್ಗೆ ಎಲ್ರೂ ತಪ್ಪು ತಿಳ್ಕೊಂಡಿದಾರೆ.

ಎಂ+ಎಸ್ ಅನ್ನೋದಕ್ಕೆ ಯಾವ ಟೆಸ್ಟೂ ಇಲ್ಲ. ಬಟನ್ ಮಧ್ಯೆ ಇಂತಿಷ್ಟು ಸಂದು ಇದೆ ಅಂತ ಕಂಪನಿಯವರೇ ಅಳತೆ ನೋಡಿ ಬರ್ಕೋತಾರೆ ಅಷ್ಟೇ. ಬೆಟ್ಟದ ಗುರುತಿಗೆ ಟೆಸ್ಟ್ ಇದೆ, 1999ರಿಂದ ಬಂದಿದ್ದು. ಒಂದು ಸ್ಟ್ಯಾಂಡರ್ಡ್ ಟೈರಿಗೆ 100 ಅಂಕ ಅಂತ ಇಟ್ಕೊಂಡು ಅದಕ್ಕಿಂತ ಕಮ್ಮಿ ಅಂದ್ರೂ ಸುಮಾರು 110 ಬರ್ಬೇಕು. ಆದ್ರೆ ಆ ಟೆಸ್ಟಲ್ಲಿ ನೋಡೋದು ಏನು? ತುಳಿದು ಗಟ್ಟಿಯಾದ ಸ್ನೋ ಮೇಲೆ ಟೈರ್ ತಿರುಗಿದಾಗ ಗಾಡಿನ ಎಷ್ಟು ಎಳ್ಕೊಂಡು ಹೋಗುತ್ತೆ ಅನ್ನೋದು. ಬ್ರೇಕ್ ನೋಡಲ್ಲ. ಐಸ್ ನೋಡಲ್ಲ. ಅಂದ್ರೆ ಗೌಡ್ರ ಟೈರಿಗೆ ಸಿಕ್ಕಿರೋ ಸರ್ಟಿಫಿಕೇಟು ಹೊರಡೋದಕ್ಕೆ, ಅವ್ರು ಜಾರಿದ್ದು ನಿಲ್ಲೋವಾಗ, ಅದೂ ಸಿಗ್ನಲ್ ಹತ್ರ ನೂರಾರು ಗಾಡಿ ಬ್ರೇಕ್ ಹಾಕಿ ಹಾಕಿ ಗಾಜಿನ ಹಂಗೆ ಉಜ್ಜಿರೋ ಜಾಗದಲ್ಲಿ. ಪಾಸಾಗಿರೋದು ಗಣಿತದಲ್ಲಿ, ಪರೀಕ್ಷೆ ಬಂದಿದ್ದು ಕನ್ನಡದ್ದು.

ಇನ್ನು ರಬ್ಬರ್ ವಿಷಯ. ಸವೆದು ಗಟ್ಟಿಯಾದ ಹವಾಯಿ ಚಪ್ಪಲಿ ಹಾಕ್ಕೊಂಡು ಪಾಚಿ ಕಟ್ಟಿದ ಬಾವಿಕಟ್ಟೆ ಮೇಲೆ ನಡ್ದಿದೀರಾ? ಅದೇ ಕಥೆ. ಸಾಮಾನ್ಯ ಟೈರ್ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದಂಗೆ ಗಟ್ಟಿಯಾಗ್ತಾ ಬರುತ್ತೆ, ಮೈನಸ್ ಇಪ್ಪತ್ತಕ್ಕೆ ಉಗುರು ಒತ್ತಿದ್ರೆ ಗುರುತೂ ಬೀಳಲ್ಲ. ವಿಂಟರ್ ಟೈರ್ ಆ ಚಳೀಲೂ ಮೆತ್ತಗಿರುತ್ತೆ. ಮೇಲಿಂದ ಪ್ರತಿ ಬಟನ್ನಲ್ಲೂ ಬ್ಲೇಡಲ್ಲಿ ಗೀರಿದ ಹಂಗೆ ಸಣ್ಣ ಸಣ್ಣ ಸೀಳು ಇರುತ್ತೆ, ಸೈಪ್ ಅಂತಾರೆ, ಆ ಅಂಚುಗಳೇ ಐಸನ್ನ ಕಚ್ಕೊಳ್ಳೋದು. ಆಲ್ ಟೆರೇನಲ್ಲಿ ಬಟನ್ ದಪ್ಪ, ಸಂದು ಅಗಲ, ಆಳದ ಸ್ನೋ, ಕೆಸರು, ಜಲ್ಲಿ ಎಲ್ಲಾ ಅಗೆದು ಹೋಗೋಕೆ ಚೆನ್ನಾಗಿದೆ. ಐಸ್ ಮೇಲೆ ಅಗೆಯೋಕೆ ಏನೂ ಇರಲ್ಲವಲ್ಲ.

ಗೌಡ್ರೇ ನನ್ನ ಸಲಹೆ, ಈ 20 ಇಂಚಿನ ಸೆಟ್ ಹಂಗೇ ಇಟ್ಕೊಳ್ಳಿ, ಅದು ಬೇಸಿಗೆಗೆ. 18 ಇಂಚಿನ ಸ್ಟೀಲ್ ರಿಮ್ಮಿಗೆ 275/65 ಆರ್18 ವಿಂಟರ್ ತಗೊಳ್ಳಿ. ಒಟ್ಟು ಎತ್ತರ ಹೆಚ್ಚು ಕಮ್ಮಿ ಒಂದೇ, 810 ಮಿಲಿಮೀಟರ್ ಇದ್ದಿದ್ದು 815 ಆಗುತ್ತೆ, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ. ಟೈರ್ ಬೆಲೆ ಕಮ್ಮಿ, ಪಕ್ಕದ ಗೋಡೆ ಎತ್ತರ ಇರೋದ್ರಿಂದ ಐಸ್ ಗುಂಡಿಗೆ ಬಿದ್ರೆ ರಿಮ್ ಬಾಗೋ ಭಯನೂ ಕಮ್ಮಿ.

ಹಳೇಹುಲಿ:
ನೋಡಿದ್ರಾ, ಅಂಗಡಿಯವರು ಬಂದೇ ಬಿಟ್ರು. ಟೈರಷ್ಟೇ ಅಲ್ಲ ರಿಮ್ಮೂ ಅಂತೆ.

ರಬ್ಬರ್_ರಂಗಣ್ಣ:
ಎಡ್ಮಂಟನ್‌ಗೂ ಏರ್‌ಡ್ರಿಗೂ ಎರಡೂವರೆ ಗಂಟೆ ದಾರಿ ಸಾರ್, ನೀವು ನನ್ನ ಗಿರಾಕಿ ಆಗಲ್ಲ, ಬಿಡಿ.

ರಿಮ್ ಯಾಕೆ ಅಂದ್ರೆ, ಪ್ರತಿ ಅಕ್ಟೋಬರ್ ಏಪ್ರಿಲ್‌ಗೆ ಒಂದೇ ರಿಮ್ಮಿಂದ ಟೈರ್ ಬಿಚ್ಚಿ ಹಾಕಿ ಮಾಡಿದ್ರೆ ಪ್ರತಿ ಸಲ ಬ್ಯಾಲೆನ್ಸಿಂಗ್ ದುಡ್ಡು, ಟೈರ್ ಅಂಚೂ ಹಾಳು. ಬೇರೆ ರಿಮ್ ಇದ್ರೆ ಮನೆ ಮುಂದೆ ಜಾಕ್ ಹಾಕಿ ನೀವೇ ಬದಲಾಯಿಸ್ಕೋಬೋದು. ನಾಲ್ಕೈದು ಚಳಿಗಾಲದ ಲೆಕ್ಕ ಹಾಕಿ, ರಿಮ್ ದುಡ್ಡು ವಾಪಸ್ ಬಂದಿರುತ್ತೆ.

ರೊಟ್ಟಿ_ಚಟ್ನಿ:
ವಿನ್ನಿಪೆಗ್‌ನಿಂದ ನಮಸ್ಕಾರ್ರಿ. ಇಲ್ಲೆ ಮೈನಸ್ ಮೂವತ್ತೈದು ಅಂದ್ರ ಮಾಮೂಲಿ ಐತಿ, ಎಂಜಿನ್ ಬೆಚ್ಚಗ ಇರ್ಲಿ ಅಂತ ಗಾಡಿಗಿ ರಾತ್ರಿ ಕರೆಂಟ್ ಪ್ಲಗ್ ಹಾಕಿ ಮಲಗಿಸ್ತೀವಿ, ಮಗೂಗೆ ಹೊದಿಸಿದಂಗ. ಗೌಡ್ರ, ಟೈರ್ ಏನರ ತಗೋರಿ, ಎರಡು ಮಾತು ಯಾರೂ ಹೇಳವಲ್ರು, ನಾ ಹೇಳ್ತೀನಿ ಕೇಳ್ರಿ.

ಒಂದು, ಪಿಕಪ್ ಅಂದ್ರ ಮುಂದ ಎಂಜಿನ್ ಭಾರ, ಹಿಂದ ಖಾಲಿ ಡಬ್ಬಿ. ಖಾಲಿ ಚಕ್ಕಡಿ ಹೆಂಗ ಕುಣೀತೈತಿ ನೋಡೀರಿಲ್ಲೋ, ಹಂಗ ಹಿಂದಿನ ಚಕ್ರ ತಿರುವಿನ್ಯಾಗ ಬಾಲ ಬೀಸ್ತಾವ. ಹಾರ್ಡ್‌ವೇರ್ ಅಂಗಡ್ಯಾಗ ಟ್ಯೂಬ್ ಸ್ಯಾಂಡ್ ಅಂತ 60 ಪೌಂಡಿನ ಮರಳಿನ ಚೀಲ ಸಿಗ್ತಾವ, ನಾಕು ತಗೊಂಡ ಹಿಂದಿನ ಅಚ್ಚಿನ ಮ್ಯಾಲೆ ಬರೂ ಹಂಗ ಇಡ್ರಿ. ಬಾಗಲಕ್ಕ ಹತ್ತಿ ಕಟ್ಟಕಡೀಗೆ ಇಡಬ್ಯಾಡ್ರಿ, ಹಂಗ ಇಟ್ರ ಮುಂದಿನ ಚಕ್ರದ ಭಾರ ಎತ್ತತೈತಿ, ಸ್ಟೇರಿಂಗ್ ಹಗುರ ಆಗಿ ಮತ್ತ ಬ್ಯಾರೆ ಫಜೀತಿ. ಕಟ್ಟಿ ಇಡ್ರಿ ಮತ್ತ, ಬ್ರೇಕ್ ಹೊಡದಾಗ ಚೀಲ ಬಂದು ಕ್ಯಾಬಿನ್ನಿಗೆ ಗುದ್ದಬಾರದು. ಎಲ್ಲೆರ ಸಿಕ್ಕೊಂಡ್ರ ಚೀಲ ಹರದು ಚಕ್ರದ ಬುಡಕ ಮರಳ ಚೆಲ್ಲಾಕೂ ಬರತೈತಿ.

ಎರಡನೇದು ಗಾಳಿ. ಐದೂವರಿ ಡಿಗ್ರಿ ಇಳದ್ರ ಒಂದು ಪಿಎಸ್‌ಐ ಇಳೀತೈತಿ. ನೀವು ಬೆಚ್ಚಗಿನ ಗರಾಜಿನ್ಯಾಗ 20 ಡಿಗ್ರಿಗೆ 35 ಹಾಕಿಸಿ ಹೊರಗ ಮೈನಸ್ 25ಕ್ಕ ಬಂದ್ರಿ ಅಂದ್ರ ಎಂಟು ಪಿಎಸ್‌ಐ ಹೋತು, ಉಳದಿದ್ದು 27. ಡ್ಯಾಶ್‌ಬೋರ್ಡಿನ್ಯಾಗ ಹಳದಿ ದೀಪ ಬಂತಂದ್ರ ಪಂಕ್ಚರ್ ಅಂತ ಗಾಬರಿ ಆಗಬ್ಯಾಡ್ರಿ. ಚಳಿಯೊಳಗ ನಿಂತಾಗಿನ ಗಾಳಿ ನೋಡಿ ಹಾಕಿಸ್ರಿ.

ಮಂಜುಮಾಣಿ:
ನಾನು ಬ್ರಾಂಪ್ಟನ್‌ನಲ್ಲಿ ಇರೋದು, ಊರು ಕುಂದಾಪುರ. ಒಂದು ಮಾತು ಮಾರಾಯ್ರೆ, ಒಂಟಾರಿಯೋದಲ್ಲಿ 2016 ಜನವರಿಯಿಂದ ವಿಂಟರ್ ಟೈರ್ ಹಾಕಿದವರಿಗೆ ಇನ್ಶೂರೆನ್ಸಲ್ಲಿ ರಿಯಾಯಿತಿ ಕೊಡ್ಲೇಬೇಕು ಅಂತ ಉಂಟು. ನಿಮ್ಮ ಆಲ್ಬರ್ಟಾದಲ್ಲಿ ಹಾಗೆ ಕಡ್ಡಾಯ ಇಲ್ಲ, ಆದ್ರೆ ಕೇಳಿ ನೋಡಿ, ಕೇಳುದಕ್ಕೆ ದುಡ್ಡು ಇಲ್ಲ ಅಲ್ವಾ. ಮತ್ತೆ ನಿಮ್ಮ ಮನೆಯವರಿಗೆ ಒಂದು ಲೆಕ್ಕ ಹೇಳಿ. ವಿಂಟರ್ ಟೈರ್ ಓಡುವ ಐದು ತಿಂಗಳು ಬೇಸಿಗೆ ಟೈರ್ ಗರಾಜಲ್ಲಿ ಮಲಗಿರ್ತದೆ, ಅದು ಸವೆಯುದಿಲ್ಲ. ನಾಲ್ಕು ಟೈರಿಗೆ ಖರ್ಚು ಜಾಸ್ತಿ ಆಗುದಲ್ಲ, ಮುಂದೆ ಮಾಡುವ ಖರ್ಚು ಈಗ ಮಾಡುದು. ನನ್ನ ಹೆಂಡತಿ ಹತ್ರ ಈ ಲೆಕ್ಕ ಹೇಳಿದೆ, ಒಪ್ಪಿದ್ಲು. ರಿಮ್ಮಿನ ಲೆಕ್ಕಕ್ಕೆ ಒಪ್ಲಿಲ್ಲ, ಅದು ಬೇರೆ.

ಕೊಡಗಿನ_ಕಾಫಿ:
ಫೋರ್ಟ್ ಮೆಕ್‌ಮರಿಯಲ್ಲಿ ಕೆಲಸ. ದಿನಾ ಹೈವೇ 63. ನನ್ನ ಓಟು ಮೊಳೆ ಟೈರಿಗೆ, ಅಂದ್ರೆ ಸ್ಟಡ್. ನಮ್ಮ ಕಡೆ ಮಳೆಗಾಲದಲ್ಲಿ ತೋಟದ ಜೀಪ್ ಚಕ್ರಕ್ಕೆ ಚೈನ್ ಕಟ್ಟಿ ಕೆಸರಲ್ಲಿ ಹತ್ತಿಸ್ತಾರಲ್ಲ, ಅದನ್ನ ನೋಡಿ ಬೆಳೆದವನಿಗೆ ಕಬ್ಬಿಣ ಕಚ್ಚಿದ್ರೆನೇ ಧೈರ್ಯ. ಆಲ್ಬರ್ಟಾದಲ್ಲಿ ಸ್ಟಡ್‌ಗೆ ಅಡ್ಡಿ ಇಲ್ಲ. ನೋಕಿಯನ್ ಹಕ್ಕಪೆಲಿಟ್ಟ ಎಲ್‌ಟಿ3 ಹಾಕಿದೀನಿ. ಅಂದಹಾಗೆ ಈ ನೋಕಿಯನ್‌ನವರು ಜಗತ್ತಿನ ಮೊದಲ ವಿಂಟರ್ ಟೈರ್ ಮಾಡಿದ್ದು 1934ರಲ್ಲಿ, ಅದೂ ಕಾರಿಗಲ್ಲ, ಲಾರಿಗೆ. ಕಾರಿನದ್ದು ಬಂದಿದ್ದು ಎರಡು ವರ್ಷ ಆದ್ಮೇಲೆ. ಹಂಗಾಗಿ "ಟ್ರಕ್ಕಿಗೆ ಬೇಕಾಗಿಲ್ಲ" ಅನ್ನೋರಿಗೆ ಫಿನ್ಲೆಂಡಿನವರು ತೊಂಬತ್ತು ವರ್ಷದ ಹಿಂದೆನೇ ಉತ್ತರ ಕೊಟ್ಟಿದಾರೆ.

ಹಳೇಹುಲಿ:
ಫಿನ್ಲೆಂಡಲ್ಲಿ ಆಗ ರಸ್ತೆಗೆ ಉಪ್ಪು ಹಾಕ್ತಿದ್ರಾ? ಇಲ್ಲಿ ಹಾಕ್ತಾರೆ. ಡೀರ್‌ಫುಟ್ ಹೈವೇ ಮೇಲೆ ಜನವರಿಯಲ್ಲಿ ಅರ್ಧ ದಿನ ಒಣ ಟಾರೇ ಇರುತ್ತೆ.

ರಬ್ಬರ್_ರಂಗಣ್ಣ:
ಇದು ಹಳೇಹುಲಿ ಅವ್ರು ಹೇಳಿದ್ದು ಸರಿ, ಒಪ್ತೀನಿ, ಅದಕ್ಕೇ ಗೌಡ್ರಿಗೆ ಸ್ಟಡ್ ಬೇಡ ಅಂತೀನಿ. ಕ್ಯಾಲ್ಗರಿ ಚಳಿಗಾಲ ಒಂಥರಾ ವಿಚಿತ್ರ. ಚಿನೂಕ್ ಗಾಳಿ ಬೀಸಿತು ಅಂದ್ರೆ ಬೆಳಿಗ್ಗೆ ಮೈನಸ್ ಹದಿನೈದು ಇದ್ದಿದ್ದು ಸಂಜೆಗೆ ಪ್ಲಸ್ ಎಂಟು, ಎಲ್ಲಾ ಕರಗಿ ನೀರು, ರಾತ್ರಿ ಅದೇ ನೀರು ಮತ್ತೆ ಹೆಪ್ಪುಗಟ್ಟಿ ಕಣ್ಣಿಗೆ ಕಾಣದ ಐಸು. ಒಣ ರಸ್ತೇಲಿ ಸ್ಟಡ್ ಕಟಕಟ ಸದ್ದು, ಬ್ರೇಕೂ ಅಷ್ಟು ಚೆನ್ನಾಗಿ ಹಿಡಿಯಲ್ಲ, ರಸ್ತೆನೂ ಕೊರೆಯುತ್ತೆ. ಸೊನ್ನೆ ಆಸುಪಾಸಿನ ಒದ್ದೆ ಐಸ್ ಮೇಲೆ ಸ್ಟಡ್ಡಿಗೆ ಸಾಟಿ ಇಲ್ಲ, ಅದು ನಿಜ. ಕೊಡಗಿನ ಕಾಫಿ ಅವರ ಥರ ದಿನಾ ಹೈವೇಲಿ ಊರಿಲ್ಲದ ಕಡೆ ಓಡಾಡೋರಿಗೆ ಸರಿ. ಸಿಟೀಲಿ ಸ್ಕೂಲು ಆಫೀಸು ಕಾಸ್ಟ್ಕೋ ಅಂತ ಓಡಾಡೋರಿಗೆ ಸ್ಟಡ್ ಇಲ್ಲದ ಮೆತ್ತನೆ ಟೈರೇ ವಾಸಿ.

ಒಂದು ಕೇಳ್ಬೇಕಿತ್ತು ಗೌಡ್ರೇ. ಟ್ರೇಲರ್ ಎಳೀತೀರಾ? ಹಿಂದೆ ಭಾರ ಹಾಕ್ತೀರಾ?

ಕ್ಯಾಲ್ಗರಿ_ಗೌಡ:
ಟ್ರೇಲರ್ ಇಲ್ಲ. ಭಾರ ಅಂದ್ರೆ ತಿಂಗಳಿಗೊಮ್ಮೆ ಅಕ್ಕಿ ಮೂಟೆ, ಬೇಸಿಗೇಲಿ ಕ್ಯಾಂಪಿಂಗ್ ಸಾಮಾನು. ಡಿಸೆಂಬರ್ ರಜೇಲಿ ಗೋಲ್ಡನ್ ಕಡೆ ಹೋಗೋ ಪ್ಲಾನ್ ಇದೆ, ಫ್ರೆಂಡ್ಸ್ ಫ್ಯಾಮಿಲಿ ಜೊತೆ. ಎಲ್‌ಟಿ (ಲೈಟ್ ಟ್ರಕ್, ಅಂದ್ರೆ ಭಾರ ಹೊರೋ ಗಾಡಿದು) ಟೈರ್ ತಗೋಬೇಕಾ? ಒಬ್ರು ಹತ್ತು ಪ್ಲೈ ತಗೋ ಗಟ್ಟಿ ಅಂದ್ರು.

ರಬ್ಬರ್_ರಂಗಣ್ಣ:
ಬೇಡ. ಹತ್ತು ಪ್ಲೈ ಅಂದ್ರೆ ಲೋಡ್ ರೇಂಜ್ ಇ, 80 ಪಿಎಸ್‌ಐ ತನಕ ಗಾಳಿ ಹಿಡಿಯೋದು, ಟನ್‌ಗಟ್ಟಲೆ ಎಳೆಯೋ ಎಫ್-250, 350 ಥರದ ಗಾಡಿಗೆ. ನಿಮ್ಮದಕ್ಕೆ ಹಾಕಿದ್ರೆ ಎತ್ತಿನ ಗಾಡೀಲಿ ಕೂತಂಗೆ ಎತ್ತಿಹಾಕುತ್ತೆ, ತೂಕನೂ ಜಾಸ್ತಿ. ಸಾಮಾನ್ಯ ಎಸ್‌ಯುವಿ ಸೈಜಿನ ಟೈರ್ ಸಾಕು. ಪಕ್ಕದಲ್ಲಿ 116 ಅಂತ ಇದ್ರೆ ಒಂದೊಂದು ಟೈರ್ 1250 ಕೆಜಿ ಹೊರುತ್ತೆ, ಪಿಕಪ್ಪಿಗೆ ಹಾಕೋವಾಗ ಅದನ್ನ 1.1 ಇಂದ ಭಾಗಿಸಿ ನೋಡೋದು ಪದ್ಧತಿ, 1136 ಬಂತು, ನಾಲ್ಕಕ್ಕೆ ನಾಲ್ಕೂವರೆ ಟನ್. ನಿಮ್ಮ ಅಕ್ಕಿ ಮೂಟೆಗೆ ಧಾರಾಳ.

ಬ್ರಿಜ್‌ಸ್ಟೋನ್ ಬ್ಲಿಝಾಕ್ ಡಿಎಂ-ವಿ2 ಆ ಸೈಜಲ್ಲಿ ಸಿಗುತ್ತೆ, ಐಸ್ ಮೇಲೆ ತುಂಬಾ ಒಳ್ಳೇದು, ಆದ್ರೆ ಅದರ ವಿಶೇಷ ರಬ್ಬರು ಮೇಲಿನ ಅರ್ಧಕ್ಕೆ ಮಾತ್ರ, ಕೆಳಗಿಂದು ಮಾಮೂಲಿ ವಿಂಟರ್ ರಬ್ಬರು, ಅಂದ್ರೆ ಮೂರನೇ ನಾಲ್ಕನೇ ವರ್ಷಕ್ಕೆ ಹಿಡಿತ ಇಳಿಯುತ್ತೆ. ಮಿಶೆಲಿನ್ ಎಕ್ಸ್-ಐಸ್ ಸ್ನೋ ಎಸ್‌ಯುವಿ ಇನ್ನೂ ಸ್ವಲ್ಪ ದುಬಾರಿ, ಬಾಳಿಕೆ ಜಾಸ್ತಿ, ಒಣ ರಸ್ತೇಲಿ ನೆಟ್ಟಗಿರುತ್ತೆ. ಚಿನೂಕ್ ಊರಿಗೆ ನಾನಾಗಿದ್ರೆ ಎರಡನೇದು ತಗೋತಿದ್ದೆ.

ಆಮೇಲೆ ಅಂಗಡೀಲಿ ಟೈರ್ ಪಕ್ಕ ಡಾಟ್ ನಂಬರಿನ ಕೊನೇ ನಾಲ್ಕು ಅಂಕಿ ನೋಡಿ. 3824 ಅಂದ್ರೆ 2024ರ 38ನೇ ವಾರ ತಯಾರಾಗಿದ್ದು. ನಾಚ್ಕೋಬೇಡಿ, ಬಗ್ಗಿ ನೋಡಿ.

ಮಾಂಟ್ರಿಯಲ್_ಮಲ್ಲಿಗೆ:
ಗೋಲ್ಡನ್ ಅಂದ್ರೆ ಬ್ರಿಟಿಷ್ ಕೊಲಂಬಿಯಾ. ಅಲ್ಲಿ ಬೆಟ್ಟದ ಹೈವೇಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರ ತನಕ ವಿಂಟರ್ ಟೈರ್ ಬೋರ್ಡ್ ಇರುತ್ತೆ, ಎಂ+ಎಸ್ಸೋ ಬೆಟ್ಟದ ಗುರುತೋ ಯಾವ್ದಾದ್ರೂ ನಡೆಯುತ್ತೆ, ಬಟನ್ ಮಾತ್ರ 3.5 ಮಿಲಿಮೀಟರ್ ಇರ್ಬೇಕು. ಕಾನೂನಿನ ಪ್ರಕಾರ ನಿಮ್ಮ ಈಗಿನ ಟೈರೂ ಪಾಸ್. ಆದ್ರೆ ಕಿಕಿಂಗ್ ಹಾರ್ಸ್ ಕಣಿವೆ ಇಳಿಯೋವಾಗ ಆ ಬೋರ್ಡ್ ಗಾಡಿ ನಿಲ್ಸಲ್ಲ.

ಕ್ಯಾಲ್ಗರಿ_ಗೌಡ:
ಅಪ್ಡೇಟು. ತಗೊಂಡೆ. ಎಕ್ಸ್-ಐಸ್ ಸ್ನೋ, 275/65 ಆರ್18. ಸ್ಟೀಲ್ ರಿಮ್ ಸೆಕೆಂಡ್ ಹ್ಯಾಂಡ್, ಒಬ್ರು ಎಫ್-150 ಮಾರ್ತಾ ಇದ್ದವ್ರು ಕೊಟ್ರು, ನಾಲ್ಕಕ್ಕೆ 240 ಡಾಲರ್. ಆರು ಬೋಲ್ಟು, ಬೋಲ್ಟ್ ಸುತ್ತಿನ ಅಡ್ಡಳತೆ 135 ಮಿಲಿಮೀಟರ್, ಫೋರ್ಡಿಂದು ಅಂತ ಅಳ್ದೇ ತಂದೆ, ಯಾಕಂದ್ರೆ ಮೊದ್ಲು ನೋಡಿದ್ದು ಷೆವರ್ಲೆದು, ಅದೂ ಆರೇ ಬೋಲ್ಟು ಆದ್ರೆ 139.7, ಕಣ್ಣಿಗೆ ಒಂದೇ ಥರ ಕಾಣುತ್ತೆ, ಕೂರಲ್ಲ. ಗಾಳಿ ಸೆನ್ಸರ್ ಹಾಕ್ಸಿಲ್ಲ, ಹಳದಿ ದೀಪ ಚಳಿಗಾಲ ಪೂರ್ತಿ ಉರೀಲಿ ಅಂತ ಬಿಟ್ಟೆ, ರೊಟ್ಟಿ ಚಟ್ನಿ ಅವ್ರು ಹೇಳ್ದಂಗೆ ಗೇಜಲ್ಲಿ ನಾನೇ ನೋಡ್ಕೋತೀನಿ.

ಟೈರ್ ಹಾಕಿದ ಅಂಗಡಿ ಕಥೆ ಕೇಳಿ. ಮೊದ್ಲು ತಂದಿಟ್ಟ ಸೆಟ್ಟಲ್ಲಿ ಎರಡು ಟೈರ್ ಈ ವರ್ಷದ್ದು, ಎರಡು ನಾಲ್ಕು ವರ್ಷ ಹಳೇದು! ರಂಗಣ್ಣ ಅವ್ರು ಹೇಳಿರ್ಲಿಲ್ಲ ಅಂದ್ರೆ ನಾನು ನೋಡ್ತಾನೇ ಇರ್ಲಿಲ್ಲ. ಕೇಳಿದ್ರೆ "ರಬ್ಬರ್ ಏನೂ ಆಗಿರಲ್ಲ" ಅಂದ್ರು, ನಾನು ಜಗ್ಗಲಿಲ್ಲ, ಕೊನೆಗೆ ಬದಲಾಯಿಸಿ ಕೊಟ್ರು. ಮನೆಗೆ ಬಂದು ಜಾಕ್ ಅಭ್ಯಾಸಕ್ಕೆ ಅಂತ ನಟ್ ಬಿಚ್ಚೋಕೆ ಹೋದೆ, ಬರಲ್ಲ. ಸ್ಪ್ಯಾನರ್ ಮೇಲೆ ನಿಂತ್ರೂ ಬರಲ್ಲ. ನಟ್ ಕಟ್ಟೋ ಗನ್ನಲ್ಲಿ ಎಷ್ಟು ಹೊಡ್ದಿದಾರೋ ಏನೋ.

ರಬ್ಬರ್_ರಂಗಣ್ಣ:
ನಮ್ಮ ಕಸುಬಿನವರ ಮಾನ ಹೋಯ್ತು. ನಾಲ್ಕೂ ಚಕ್ರದ ನಟ್ಟು ಸಡಿಲ ಮಾಡ್ಸಿ ಟಾರ್ಕ್ ರೆಂಚಲ್ಲಿ, ಅಂದ್ರೆ ಬಿಗಿ ಅಳೆಯೋ ಸ್ಪ್ಯಾನರಲ್ಲಿ, ಮತ್ತೆ ಕಟ್ಟಿಸಿ, ನಿಮ್ಮ ಗಾಡಿಗೆ 150 ಪೌಂಡ್-ಅಡಿ. ಎದುರುಬದುರು ನಟ್ಟು ಒಂದಾದ್ಮೇಲೆ ಒಂದು. ಎಂಬತ್ತು ನೂರು ಕಿಲೋಮೀಟರ್ ಓಡ್ಸಿ ಮತ್ತೊಂದ್ಸಲ ನೋಡಿ, ಸ್ಟೀಲ್ ರಿಮ್ ಬೇರೆ, ಕೂತ್ಕೊಳ್ಳೋಕೆ ಸ್ವಲ್ಪ ಸಮಯ ಬೇಕು.

ಹಳೇಹುಲಿ:
ಸರಿ ಗೌಡ್ರೇ, ತಗೊಂಡಿದೀರಿ. ಭಾನುವಾರ ಬೆಳಿಗ್ಗೆ ಬನ್ನಿ. ನನ್ನ ಫ್ರೆಂಡ್‌ದು ಇಲ್ಲಿ ಗೋಡೌನ್ ಇದೆ, ಹಿಂದೆ ದೊಡ್ಡ ಅಂಗಳ, ಭಾನುವಾರ ಯಾರೂ ಇರಲ್ಲ, ಕೇಳಿದೀನಿ, ಒಪ್ಪಿದಾನೆ. ನಿಮ್ಮ ಟೈರು ನನ್ನ ಟೈರು, ನೋಡೇ ಬಿಡೋಣ. ಹನ್ನೊಂದು ವರ್ಷದ ಅನುಭವ ಅಂದ್ರೆ ಏನು ಅಂತ.

ಮಂಜುಮಾಣಿ:
ಕಂಬಳ! ಯಾರಾದ್ರೂ ವಿಡಿಯೋ ಮಾಡಿ ಹಾಕಿ ಮಾರಾಯ್ರೆ.

ಕ್ಯಾಲ್ಗರಿ_ಗೌಡ:
ಕಂಬಳ ಮುಗೀತು. ವಿಡಿಯೋ ಇಲ್ಲ, ಮೈನಸ್ ಹದಿನಾರರಲ್ಲಿ ಫೋನ್ ಸತ್ತೋಯ್ತು. ಇದ್ದಿದ್ದು ಇದ್ದಂಗೆ ಬರೀತೀನಿ.

ಅಂಗಳದ ಒಂದು ಕಡೆ ಮೊಣಕಾಲಿಗೆ ಸ್ವಲ್ಪ ಕಮ್ಮಿ ಹೊಸಾ ಸ್ನೋ. ಅಲ್ಲಿ ಹಳೇಹುಲಿ ಅವರ ರ‍್ಯಾಮ್ ಬುಲ್ಡೋಜರ್ ಥರ ನುಗ್ತು. ಪ್ಲೋ ತಳ್ಳಿರೋ ಗುಡ್ಡೆ ಮೇಲೂ ಹತ್ತಿ ಆ ಕಡೆ ಇಳೀತು. ನಂದೂ ಹೋಯ್ತು, ಆದ್ರೆ ಗುಡ್ಡೆ ಹತ್ರ ಒಂದ್ಸಲ ತಿಣುಕಿ ಹಿಂದೆ ಬಂದು ಮತ್ತೆ ಹೋಗ್ಬೇಕಾಯ್ತು. ಆ ರೌಂಡು ಅವರದ್ದೇ, ತಕರಾರಿಲ್ಲ.

ಇನ್ನೊಂದು ಕಡೆ ಲಾರಿಗಳು ತಿರುಗೋ ಜಾಗ, ಪಾಲಿಶ್ ಹೊಡೆದ ನೆಲದ ಥರ ಹೊಳೀತಿತ್ತು. ಒಂದು ಬಕೆಟ್ ಬೋರಲು ಹಾಕಿದ್ವಿ, ನಲವತ್ತರಲ್ಲಿ ಬಂದು ಬಕೆಟ್ ಹತ್ರ ಬ್ರೇಕು. ಇಬ್ರೂ ಮೂರು ಮೂರು ಸಲ. ನಾನು ಮೊದ್ಲು ಮಾಡ್ದೆ, ಗಾಡಿ ಗರಗರ ಅಂದು ನಿಂತ ಜಾಗದಲ್ಲಿ ನನ್ನ ಗ್ಲೌಸ್ ಇಟ್ಟೆ. ಅವ್ರು ಬಂದ್ರು. ಗ್ಲೌಸ್ ದಾಟಿ ಹೋಗ್ತಾನೇ ಇದಾರೆ, ಕಿಟಕೀಲಿ ಅವರ ಮುಖ ಕಾಣ್ತಿತ್ತು, ನೆಟ್ಟಗೆ ಮುಂದೆ ನೋಡ್ತಾ ಇದ್ರು, ಆ ಕ್ಷಣಕ್ಕೆ ನನ್ನ ಮಗಳ "ರೆಡ್ಡಲ್ವಾ" ಜ್ಞಾಪಕ ಬಂತು. ಹೆಜ್ಜೇಲಿ ಅಳೆದ್ವಿ. ಮೊದಲನೇ ಸಲ ಹದಿಮೂರು ಹೆಜ್ಜೆ ಮುಂದೆ, ಎರಡನೇದು ಹನ್ನೊಂದು, ಮೂರನೇದು ಮತ್ತೆ ಹದಿಮೂರು. ಆಮೇಲೆ ಅವರ ಥರ್ಮಸ್‌ನಲ್ಲಿ ಫಿಲ್ಟರ್ ಕಾಫಿ ಕುಡಿದ್ವಿ, ಬಿಸಿಬಿಸಿ, ಅದ್ಭುತ. ಟೈರ್ ಬಗ್ಗೆ ಮಾತಾಡ್ಲಿಲ್ಲ, ಡಿಕೆಶಿ ಸಿದ್ದರಾಮಯ್ಯ ಬಗ್ಗೆ ಮಾತಾಡಿದ್ವಿ.

ಹಳೇಹುಲಿ:
ಪೂರ್ತಿ ಬರೀಬೇಕು ಗೌಡ್ರೇ. ನಂದು ನಾಲ್ಕು ವರ್ಷದ ಟೈರು, ನಿಮ್ಮದು ಹತ್ತು ದಿನದ್ದು. ಅಲ್ಲದೆ ನಿಮ್ಮ ಗಾಡೀಲಿ ನಾಲ್ಕು ಚೀಲ ಮರಳಿತ್ತು, ನಂದು ಖಾಲಿ. ಇದನ್ನ ಸಮ ಅನ್ನಲ್ಲ.

ರಬ್ಬರ್_ರಂಗಣ್ಣ:
ಟೈರ್ ವಯಸ್ಸಿಂದು ಒಪ್ತೀನಿ, ಹೊಸಾ ಆಲ್ ಟೆರೇನ್ ಆಗಿದ್ರೆ ಅಂತರ ಸ್ವಲ್ಪ ಕಮ್ಮಿ ಇರ್ತಿತ್ತು. ಮರಳಿಂದು ಒಪ್ಪಲ್ಲ. ಮರಳು ಹಿಂದಿನ ಚಕ್ರ ಹಿಡ್ಕೊಂಡು ಬಾಲ ಬೀಸದೇ ಇರೋಕೆ. ನಿಲ್ಲಿಸ್ಬೇಕಾದ ಭಾರನೂ ಅಷ್ಟೇ ಜಾಸ್ತಿ ಆಗುತ್ತಲ್ಲ, ಅದರಿಂದ ಹದಿಮೂರು ಹೆಜ್ಜೆ ಕಮ್ಮಿ ಆಗಲ್ಲ.

ರೊಟ್ಟಿ_ಚಟ್ನಿ:
ಗ್ಲೌಸ್ ಮ್ಯಾಲೆ ಹಾದು ಹೋದ್ರೋ ಬಾಜೂಕ ಹೋದ್ರೋ ಅದನ್ನರ ಹೇಳ್ರಿ.

ಕ್ಯಾಲ್ಗರಿ_ಗೌಡ:
ಮೇಲೇ. ಹೊಸಾ ಗ್ಲೌಸ್ ತಗೋಬೇಕು.

ಮನೆಯವಳು ಈಗ ಕೇಳ್ತಾ ಇರೋದು ಆ 20 ಇಂಚಿನ ನಾಲ್ಕನ್ನ ಎಲ್ಲಿಡ್ತೀಯಾ ಅಂತ. ಗರಾಜಲ್ಲಿ ಅವಳ ಉಪ್ಪಿನಕಾಯಿ ಜಾಡಿ ಶೆಲ್ಫ್ ಇದೆ. ಟೈರ್ ರಿಮ್ ಸಮೇತ ಇದ್ರೆ ಒಂದ್ರ ಮೇಲೊಂದು ಮಲಗಿಸಿ ಇಡ್ಬೋದಾ?

ರಬ್ಬರ್_ರಂಗಣ್ಣ:
ರಿಮ್ ಇದ್ರೆ ಮಲಗಿಸಿ ಪೇರಿಸಿ, ಇಲ್ಲಾ ನೇತುಹಾಕಿ. ಬರೀ ಟೈರ್ ಆದ್ರೆ ಮಾತ್ರ ನಿಲ್ಲಿಸಿ ಇಡ್ಬೇಕು. ಬಿಸಿಲು ಬೀಳದ ಹಂಗೆ ಕಪ್ಪು ಚೀಲ ಸುತ್ತಿ. ಯಾವ್ದು ಮುಂದಿಂದು ಯಾವ್ದು ಹಿಂದಿಂದು ಅಂತ ಚಾಕ್‌ಪೀಸಲ್ಲಿ ಬರ್ದಿಡಿ. ಏಪ್ರಿಲ್‌ಗೆ ಬಿಸಿಲು ಏರಿದ ಮೇಲೆ ವಿಂಟರ್ ಟೈರಲ್ಲಿ ಓಡಾಡ್ಬೇಡಿ, ಬೆಣ್ಣೆ ಸವೆದಂಗೆ ಸವೆಯುತ್ತೆ.

ಹಳೇಹುಲಿ:
ಗೌಡ್ರೇ, ಆ ರಿಮ್ ಮಾರಿದವರ ಹತ್ರ ಬೇರೆ ಏನಾದ್ರೂ ಇದ್ವಾ? ನಂಗೆ ಬೇಕಿರೋದು ಐದು ಬೋಲ್ಟು, 139.7, 2016ರ ರ‍್ಯಾಮಿಗೆ. ನನಗೋಸ್ಕರ ಅಲ್ಲ. ಚಳಿಗಾಲದಲ್ಲಿ ಆ ಗಾಡಿ ಹೆಂಡ್ತಿನೇ ಜಾಸ್ತಿ ಓಡ್ಸೋದು.

ಮಂಜುಮಾಣಿ:
ನಿಮ್ಮ ಹೆಂಡತಿ ಓಡ್ಸುದು ಸಿವಿಕ್ ಅಂತ ಮೇಲೆ ನೀವೇ ಬರ್ದದ್ದು ಉಂಟಲ್ಲ ಮಾರಾಯ್ರೆ.